ಬಿಟ್ಟುಹೋದ ತಂಡ ಹೊಸಬರ ಕೈಗೆ ಬಂದಾಗ

ನಮ್ಮ ಫ್ಯಾಂಟಸಿ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗಿನ, ಪಂದ್ಯಗಳನ್ನು ಆಧರಿಸಿದ್ದು: ಅಲ್ಲಿನ ನಿಜವಾದ ಆಟಗಾರರನ್ನು ಆರಿಸಿ ನಮ್ಮ ಕಾಲ್ಪನಿಕ ತಂಡ ಕಟ್ಟುತ್ತೇವೆ, ಅವರು ಮೈದಾನದಲ್ಲಿ ಆಡಿದ್ದಕ್ಕೆ ತಕ್ಕಂತೆ ನಮಗೆ ಅಂಕ. ಅದರಲ್ಲೂ ಡೈನಾಸ್ಟಿ ಮಾದರಿ: ಒಮ್ಮೆ ಪಡೆದ ಆಟಗಾರನನ್ನು ನಾವಾಗಿ ಬಿಡುವವರೆಗೂ ಅವನು ವರ್ಷದಿಂದ ವರ್ಷಕ್ಕೆ ನಮ್ಮ ತಂಡದಲ್ಲೇ ಇರುತ್ತಾನೆ. ಒಟ್ಟು 12 ತಂಡ. ಈ ಮಳೆಗಾಲದಲ್ಲಿ ತಳದಲ್ಲಿದ್ದ ಎರಡು ತಂಡಗಳ ಮಾಲೀಕರು ಆಟ ಬಿಟ್ಟರು. ಅವನ್ನು ವಹಿಸಿಕೊಳ್ಳಲು ಒಪ್ಪಿದವರು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮತ್ತು ಶಿವಮೊಗ್ಗದ ಉಪನ್ಯಾಸಕಿಯೊಬ್ಬರು. ಆಗಸ್ಟಿನ ಒಂದು ಭಾನುವಾರ ದುರ್ಗಿಗುಡಿಯ ಮನೆಯೊಂದರಲ್ಲಿ ಕೂತು ಹಸ್ತಾಂತರ ಮುಗಿಸಿದೆವು. ಅಂದು ಮಾಡಿದ್ದನ್ನು, ಯಾಕೆ ಹಾಗೆ ಮಾಡಿದೆವು ಎಂಬುದನ್ನು, ಇದೇ ಕೆಲಸ ಹೊತ್ತ ಬೇರೆ ಕಮಿಷನರ್‌ಗಳಿಗೆ (ಲೀಗ್ ನಡೆಸುವವರಿಗೆ) ನೆರವಾಗಲೆಂದು ಬರೆಯುತ್ತಿದ್ದೇನೆ.

ಎರಡು ತಂಡ ಒಟ್ಟಿಗೆ ಖಾಲಿಯಾದರೆ ಒಬ್ಬೊಬ್ಬರಿಗೆ ಒಂದೊಂದು ಎಂದು ಹಂಚಿಬಿಡಬೇಡಿ. ಡಿಸ್ಪರ್ಸಲ್ ಡ್ರಾಫ್ಟ್ ಮಾಡಿ. ಎರಡೂ ತಂಡಗಳ ಆಟಗಾರರನ್ನು, ಮುಂದಿನ ವರ್ಷಗಳ ರೂಕಿ ಪಿಕ್‌ಗಳನ್ನೂ (ಎನ್‌ಎಫ್‌ಎಲ್‌ಗೆ ಹೊಸದಾಗಿ ಬರುವ ಆಟಗಾರರನ್ನು ಆರಿಸುವ ಸರದಿಗಳನ್ನೂ) ಸೇರಿಸಿ, ಒಂದೇ ರಾಶಿಗೆ ಹಾಕಬೇಕು. ಚೀಟಿ ಎತ್ತಿ ಮೊದಲು ಯಾರೆಂದು ತೀರ್ಮಾನಿಸಿ, ನಂತರ ಒಬ್ಬರು ಒಂದು, ಇನ್ನೊಬ್ಬರು ಎರಡು, ಮತ್ತೆ ಮೊದಲಿನವರು ಎರಡು, ಹೀಗೆ ಆರಿಸುತ್ತ ಹೋಗುವುದು. ಒಂದು ತಂಡ ತೀರಾ ಹಾಳಾಗಿದ್ದರೆ ಆ ನಷ್ಟ ಇಬ್ಬರಿಗೂ ಸಮನಾಗಿ ಹಂಚಿಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೊನೆಗೆ ಕೈಯಲ್ಲಿರುವ ತಂಡವನ್ನು ಅವರೇ ಕಟ್ಟಿರುತ್ತಾರೆ. ಬೇರೊಬ್ಬರ ತಪ್ಪುಗಳನ್ನು ಹೊತ್ತುಕೊಂಡವರು ಒಂದೆರಡು ವರ್ಷದಲ್ಲಿ ತಾವೂ ಬಿಟ್ಟುಹೋಗುವುದು ಈ ಆಟದಲ್ಲಿ ಹೊಸದೇನಲ್ಲ.

ಆರಿಸುವ ಮುಂಚೆ ಪ್ರತಿ ಆಟಗಾರನ ವಯಸ್ಸು, ಸ್ಥಾನ, ಗಾಯ, ಅವನ ಎನ್‌ಎಫ್‌ಎಲ್ ತಂಡದಲ್ಲಿ ಅವನಿಗಿಂತ ಮುಂದೆ ಯಾರಿದ್ದಾರೆ ಎಂಬುದನ್ನು ಹಾಳೆಯಲ್ಲಿ ಬರೆದುಕೊಂಡೆವು. ವಯಸ್ಸನ್ನು ಸ್ಥಾನಕ್ಕೆ ತಕ್ಕಂತೆ ಓದಬೇಕು. ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗೆ 27 ದಾಟಿದರೆ ಬೆಲೆ ಬೇಗ ಇಳಿಯುತ್ತದೆ. ಎಸೆದ ಚೆಂಡನ್ನು ಹಿಡಿಯುವ ವೈಡ್ ರಿಸೀವರ್ 29ರವರೆಗೂ ನಡೆಯುತ್ತಾನೆ. ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಒಳ್ಳೆಯವನಾದರೆ 30 ದಾಟಿದ ಮೇಲೂ ವರ್ಷಗಟ್ಟಲೆ ಆಡುತ್ತಾನೆ. ಅಪವಾದಗಳಿವೆ. ಡೆರಿಕ್ ಹೆನ್ರಿ 30ರ ವಯಸ್ಸಿನಲ್ಲಿ, 2024ರಲ್ಲಿ, 1,921 ಗಜ ಓಡಿ 16 ಟಚ್‌ಡೌನ್ ಮಾಡಿದ (ಚೆಂಡನ್ನು ಎದುರಾಳಿಯ ಗೆರೆ ದಾಟಿಸುವುದೇ ಟಚ್‌ಡೌನ್). 10 ಗಜಕ್ಕೆ 1 ಅಂಕ, ಟಚ್‌ಡೌನ್‌ಗೆ 6 ಎಂಬ ಲೆಕ್ಕದಲ್ಲಿ ಓಟದಿಂದಲೇ 288 ಅಂಕ. ಆದರೆ ಆ ಅಂಕಗಳಿಗೆ ಬೆಲೆ ಇರುವುದು ಗೆಲ್ಲುವ ತಂಡದಲ್ಲಿ. ತಳದಲ್ಲಿರುವ ತಂಡ ಮೂರು ವರ್ಷದ ನಂತರ ಗೆಲ್ಲುವ ಹೊತ್ತಿಗೆ ಅವನು ಇರುವುದಿಲ್ಲ. ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಹಳೆಯ ಅಡಿಕೆ ಮರ ಫಸಲು ಕೊಡುತ್ತಿರುವಾಗಲೇ ನಡುವೆ ಸಸಿ ಇಡುವುದು ಅವರ ತೋಟದ ಕ್ರಮ.

ಹಾಗಾದರೆ ಹಿರಿಯರನ್ನು ಮಾರುವುದು ಯಾವಾಗ? ರನ್ನಿಂಗ್ ಬ್ಯಾಕ್ ಆದರೆ ಸೆಪ್ಟೆಂಬರಿನಲ್ಲಿ ಒಂದು ಒಳ್ಳೆಯ ಪಂದ್ಯ ಆಡಿದ ತಕ್ಷಣ. ಕಾದರೆ ಗಾಯದ ಭಯ. ರಿಸೀವರ್ ಆದರೆ ಟ್ರೇಡ್ (ತಂಡಗಳ ನಡುವೆ ಆಟಗಾರ, ಪಿಕ್‌ಗಳ ವಿನಿಮಯ) ಗಡುವಿನ ಹತ್ತಿರದವರೆಗೆ ಕಾಯಬಹುದು. ಅಷ್ಟರಲ್ಲಿ ಮುಂಚೂಣಿಯ ತಂಡಗಳಲ್ಲಿ ಯಾರಾದರೂ ಗಾಯಗೊಂಡು ಬೇಡಿಕೆ ಏರಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಮಾತಾಡಿದ್ದು ಪಿಕ್‌ಗಳ ಬಗ್ಗೆ. ಕೆಳಗಿನ ತಂಡಕ್ಕೆ ಮೊದಲ ಸರದಿ ಸಿಗುವುದರಿಂದ, ಸೋಲುವ ತಂಡದ ಅತಿ ದೊಡ್ಡ ಆಸ್ತಿ ಅದರದೇ ಮೊದಲ ಸುತ್ತಿನ ಪಿಕ್. ತಂಡ ಬಿಟ್ಟುಹೋಗುವವರು ಸಾಮಾನ್ಯವಾಗಿ ಅದನ್ನು ಮೊದಲೇ ಮಾರಿರುತ್ತಾರೆ. ಪಿಕ್ ಕೈಯಲ್ಲಿದ್ದರೆ ತಾಳ್ಮೆಯಿಂದ ಕಟ್ಟಿ. ಮಾರಿಹೋಗಿದ್ದರೆ ಆ ವರ್ಷ ಸೋತು ಪ್ರಯೋಜನವಿಲ್ಲ, ಸೋಲಿನ ಫಲ ಪಿಕ್ ಕೊಂಡವರಿಗೆ ಹೋಗುತ್ತದೆ. ಆಗ ಹಿರಿಯರನ್ನು ಇಟ್ಟುಕೊಂಡು ಆದಷ್ಟು ಪಂದ್ಯ ಗೆಲ್ಲಬೇಕು. ಬೇಕೆಂದೇ ಸೋಲುವುದನ್ನು ತಡೆಯಲು ರೂಕಿ ಡ್ರಾಫ್ಟಿನ ಸರದಿಯನ್ನು ಸೋಲಿನ ಲೆಕ್ಕದಿಂದ ಕೊಡದೆ, ಪ್ರತಿ ವಾರ ಆ ತಂಡ ಗಳಿಸಬಹುದಾಗಿದ್ದ ಗರಿಷ್ಠ ಅಂಕದಿಂದ (ಅದು ಕಡಿಮೆ ಇದ್ದವರಿಗೆ ಮೊದಲು) ಕೊಡುವುದು ಒಳ್ಳೆಯದು. ಒಳ್ಳೆಯ ಆಟಗಾರನನ್ನು ಬೆಂಚಿನಲ್ಲಿ ಕೂರಿಸಿದರೆ ಏನೂ ಸಿಗುವುದಿಲ್ಲ.

ಹೊಸಬರು ಬಂದ ದಿನವೇ ಹಳಬರಿಂದ ಟ್ರೇಡ್ ಪ್ರಸ್ತಾಪಗಳು ಸುರಿಯುತ್ತವೆ. ಮೂವರನ್ನು ಕೊಟ್ಟು ಒಬ್ಬನನ್ನು ಕೇಳುವುದು ಸಾಮಾನ್ಯ. ಮೂವರು ಬಂದರೆ ಜಾಗ ಮಾಡಲು ಇಬ್ಬರನ್ನು ಬಿಡಬೇಕಾಗುತ್ತದೆ, ಆ ನಷ್ಟ ಪ್ರಸ್ತಾಪದಲ್ಲಿ ಕಾಣುವುದಿಲ್ಲ. ಅದಕ್ಕೆ ಹೊಸ ತಂಡಗಳಿಗೆ ಎರಡು ವಾರ ಟ್ರೇಡ್ ಬಂದ್ ಮಾಡಿದೆವು. ಕೀಪ್‌ಟ್ರೇಡ್‌ಕಟ್‌ನಂಥ ಜಾಲತಾಣದಲ್ಲಿ ಆಟಗಾರರ ಬೆಲೆ ನೋಡುವಾಗ ಸೂಪರ್‌ಫ್ಲೆಕ್ಸ್ (ಎರಡನೇ ಕ್ವಾರ್ಟರ್‌ಬ್ಯಾಕ್‌ನನ್ನೂ ಆಡಿಸಬಹುದಾದ ಮಾದರಿ) ಆಯ್ಕೆ ನಮ್ಮ ಲೀಗಿಗೆ ಹೊಂದಿದೆಯೇ ಎಂದು ಮೊದಲು ನೋಡಬೇಕು. ಇಬ್ಬರು ಕ್ವಾರ್ಟರ್‌ಬ್ಯಾಕ್ ಆಡಿಸುವ ಲೀಗಿನಲ್ಲಿ ಒಬ್ಬನೇ ಆಡುವ ಲೀಗಿನ ಬೆಲೆ ನೋಡಿದರೆ ಕ್ವಾರ್ಟರ್‌ಬ್ಯಾಕ್‌ನನ್ನು ಅಗ್ಗಕ್ಕೆ ಕಳೆದುಕೊಳ್ಳುತ್ತೀರಿ.

ಅಮೆರಿಕದಲ್ಲಿ ಇಂಥ ತಂಡ ವಹಿಸಿಕೊಂಡವರಿಗೆ ಮೊದಲ ವರ್ಷದ ಶುಲ್ಕ ಇಳಿಸುವುದುಂಟು. ನಮ್ಮಲ್ಲಿ ಹಣವೇ ಇಲ್ಲ; 2025ರ ಕಾನೂನಿನ ಪ್ರಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳು ಭಾರತದಲ್ಲಿ ನಿಷಿದ್ಧ. ಅದರ ಬದಲು, ಎಲ್ಲರ ಒಪ್ಪಿಗೆ ಪಡೆದು, ಮುಂದಿನ ರೂಕಿ ಡ್ರಾಫ್ಟಿನ ಎರಡನೇ ಸುತ್ತಿನ ಕೊನೆಗೆ ಇಬ್ಬರಿಗೂ ಒಂದೊಂದು ಹೆಚ್ಚುವರಿ ಪಿಕ್ ಕೊಟ್ಟೆವು.

ಉಳಿದದ್ದು ಸಮಯದ ವಿಚಾರ, ಮಲೆನಾಡಿನಲ್ಲಿ ಕೂತು ಆಡುವವರಿಗೆ ಇದು ಚಿಕ್ಕದಲ್ಲ. ಗುರುವಾರ ರಾತ್ರಿಯ ಪಂದ್ಯ ನಮಗೆ ಶುಕ್ರವಾರ ಬೆಳಗ್ಗೆ 5:45ಕ್ಕೆ. ಭಾನುವಾರದ ಮುಖ್ಯ ಪಂದ್ಯಗಳು ರಾತ್ರಿ 10:30ಕ್ಕೆ. ಆಡದವರ ಪಟ್ಟಿ 90 ನಿಮಿಷ ಮುಂಚೆ, ಅಂದರೆ 9ಕ್ಕೆ, ಬರುತ್ತದೆ. ನವೆಂಬರಿನ ಮೊದಲ ಭಾನುವಾರದಿಂದ ಅಮೆರಿಕದ ಗಡಿಯಾರ ಹಿಂದೆ ಹೋಗುವುದರಿಂದ ಎಲ್ಲವೂ ನಮಗೆ ಒಂದು ಗಂಟೆ ತಡ. ಲಂಡನ್ನಿನಲ್ಲಿ ಬೆಳಗಿನ ಪಂದ್ಯವಿದ್ದ ವಾರ ಸಂಜೆಯೇ ಆಟ ಶುರು. ಗುರುವಾರ ಆಡುವವನನ್ನು ಫ್ಲೆಕ್ಸ್ ಜಾಗದಲ್ಲಿ (ಬೇರೆ ಬೇರೆ ಸ್ಥಾನದವರನ್ನು ಇಡಬಹುದಾದ ಜಾಗ) ಇಡಬೇಡಿ, ಅವನದೇ ಸ್ಥಾನದಲ್ಲಿ ಇಡಿ. ಭಾನುವಾರ ಯಾರಾದರೂ ಹೊರಗುಳಿದರೆ ಬದಲಿಗೆ ಫ್ಲೆಕ್ಸ್ ತೆರೆದಿರುತ್ತದೆ. ಸೆಪ್ಟೆಂಬರಿನ ಮಳೆಗೆ ಕರೆಂಟ್, ನೆಟ್‌ವರ್ಕ್ ಎರಡೂ ಹೋಗುವ ಊರುಗಳಲ್ಲಿ ಬುಧವಾರವೇ ತಂಡ ಹಾಕಿಟ್ಟು, ಆಮೇಲೆ ಸಿಕ್ಕಾಗ ತಿದ್ದುವುದು ಕ್ಷೇಮ.

ಬೆಳೆಗಾರರಿಗೆ ಇನ್ನೂ ಒಂದು ತೊಡಕಿತ್ತು. ಅಡಿಕೆಯ ಗೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು ಎಲ್ಲ ಎನ್‌ಎಫ್‌ಎಲ್ ಸೀಸನ್ನಿನ ನಟ್ಟನಡುವೆ ಬರುತ್ತದೆ. ಫ್ಯಾಂಟಸಿ ಲೀಗ್ ನಡೆಸುವ ಸ್ಲೀಪರ್ ಆ್ಯಪಿನಲ್ಲಿ ಒಂದು ತಂಡಕ್ಕೆ ಸಹಮಾಲೀಕರನ್ನು ಸೇರಿಸಬಹುದು. ಬೆಂಗಳೂರಿನಲ್ಲಿರುವ ಅವರ ತಮ್ಮನನ್ನು ಸೇರಿಸಿದೆವು: ಕೊಯ್ಲಿನ ವಾರಗಳಲ್ಲಿ ತಂಡ ಹಾಕುವುದು ತಮ್ಮ, ಟ್ರೇಡಿಗೆ ಮಾತ್ರ ಅಣ್ಣನ ಒಪ್ಪಿಗೆ ಬೇಕು.