ಮುಂಬಾಗಿಲಿಲ್ಲದ ಮನೆ: ಮೆಡ್ಗರ್ ಎವರ್ಸ್ ಅವರ ಜಾಕ್ಸನ್‌ಗೆ ಹೋಗುವವರಿಗೆ

ಅಟ್ಲಾಂಟಾದಿಂದ ಐ-20 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸುಮಾರು ಆರು ತಾಸು ಕಾರಿನಲ್ಲಿ ಸಾಗಿದರೆ ಮಿಸಿಸಿಪ್ಪಿ ರಾಜ್ಯದ ರಾಜಧಾನಿ ಜಾಕ್ಸನ್ ಸಿಗುತ್ತದೆ. ಕಪ್ಪು ಜನರ ನಾಗರಿಕ ಹಕ್ಕುಗಳಿಗಾಗಿ ಹೋರಾಡಿದ ಮೆಡ್ಗರ್ ಎವರ್ಸ್ ಅವರ ಮನೆಯನ್ನು ನೋಡಲೆಂದೇ ನಾವು ಜೂನ್ ತಿಂಗಳಲ್ಲಿ ಅಲ್ಲಿಗೆ ಹೋಗಿದ್ದೆವು. ಆಗ ಬಿಸಿಲೂ ಸೆಕೆಯೂ ವಿಪರೀತವಾಗಿದ್ದುದರಿಂದ, ವಯಸ್ಸಾದವರು ಜೊತೆಗಿದ್ದರೆ ಅಕ್ಟೋಬರ್ ನಂತರ ಹೊರಡುವುದು ಒಳ್ಳೆಯದು.

ನಾವು ಮೊದಲು ಮನೆಗೆ ಹೋಗಿ, ಬಳಿಕ ನಗರದ ನಡುವೆ ಇರುವ ಮಿಸಿಸಿಪ್ಪಿ ನಾಗರಿಕ ಹಕ್ಕುಗಳ ವಸ್ತುಸಂಗ್ರಹಾಲಯವನ್ನು ನೋಡಿದೆವು. ನೀವು ಹಾಗೆ ಮಾಡಬೇಡಿ. ಎವರ್ಸ್ ಅವರ ಬದುಕು ಗೊತ್ತಿಲ್ಲದವರಿಗೆ ಅದು ಸಾಧಾರಣವಾದ ಒಂದಂತಸ್ತಿನ ಮನೆಯಾಗಿಯಷ್ಟೇ ಕಾಣುತ್ತದೆ. 1925ರಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದಲ್ಲಿ ಯುರೋಪಿನಲ್ಲಿ ಸೇವೆ ಸಲ್ಲಿಸಿ ಮರಳಿದ ಅವರು 1946ರಲ್ಲಿ ಸ್ವಂತ ಊರಾದ ಡೆಕಟೂರ್‌ನಲ್ಲಿ ಮತ ಹಾಕಲು ಹೋದಾಗ ಬಿಳಿಯರ ಗುಂಪು ಅವರನ್ನು ತಡೆದು ಹಿಂದಕ್ಕೆ ಕಳಿಸಿತು. 1954ರಲ್ಲಿ ಅವರು ಮಿಸಿಸಿಪ್ಪಿಗೆ, ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುವ ಎನ್‌ಎಎಸಿಪಿ ಎಂಬ ಸಂಘಟನೆಯ ಮೊದಲ ಕ್ಷೇತ್ರ ಕಾರ್ಯದರ್ಶಿಯಾದರು. ಮರುವರ್ಷ 14 ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್‌ನ ಕೊಲೆಯಾದಾಗ, ಹತ್ತಿ ತೋಟದ ಕೂಲಿಯವನಂತೆ ಉಡುಪು ಧರಿಸಿ ಸಾಕ್ಷಿಗಳನ್ನು ಹುಡುಕಿಕೊಂಡು ಅಲೆದರು. 1963ರಲ್ಲಿ ಎವರ್ಸ್ ಅವರನ್ನೇ ಗುಂಡಿಟ್ಟು ಕೊಂದ ರೈಫಲ್ ಈ ಸಂಗ್ರಹಾಲಯದಲ್ಲಿದೆ. ಆ ಕೊಲೆಯ ವಿಚಾರಣೆ 1964ರಲ್ಲಿ ನಡೆದಾಗ ಬಿಳಿಯರಷ್ಟೇ ಇದ್ದ ಜ್ಯೂರಿಗಳು ಎರಡು ಬಾರಿಯೂ ಒಮ್ಮತಕ್ಕೆ ಬರಲಿಲ್ಲ. ಹಂತಕ ಬೈರನ್ ಡಿ ಲಾ ಬೆಕ್‌ವಿತ್‌ಗೆ ಶಿಕ್ಷೆಯಾದದ್ದು 1994ರಲ್ಲಿ. ಸಂಗ್ರಹಾಲಯಕ್ಕೆ ಕನಿಷ್ಠ ಮೂರು ತಾಸು ಮೀಸಲಿಡಿ, ಸೋಮವಾರ ರಜೆ.

ಇಷ್ಟನ್ನು ತಿಳಿದು ಮಾರ್ಗರೆಟ್ ವಾಕರ್ ಅಲೆಕ್ಸಾಂಡರ್ ರಸ್ತೆಗೆ ಹೋದರೆ ಆ ಮನೆ ತಾನಾಗಿಯೇ ಮಾತಾಡುತ್ತದೆ. ಬೀದಿಗೆ ಎದುರಾಗಿ ಬಾಗಿಲೇ ಇಲ್ಲ. ಒಳಗೆ ಹೋಗುವುದು ಕಾರು ನಿಲ್ಲಿಸುವ ಚಪ್ಪರದ ಬದಿಯಿಂದ. ಗುಂಡು ಕಿಟಕಿಯಿಂದ ಬಂದರೂ ತಾಗದಿರಲೆಂದು ಮಕ್ಕಳ ಹಾಸಿಗೆಗಳನ್ನು ನೆಲದ ಮೇಲೆಯೇ ಹಾಸುತ್ತಿದ್ದರು. ಮೂರು ಮಕ್ಕಳ ತಂದೆ ಪ್ರತಿ ರಾತ್ರಿ ಇದನ್ನೆಲ್ಲ ಯೋಚಿಸಿ ಮಲಗುತ್ತಿದ್ದರೆಂಬುದು ನನ್ನನ್ನು ಇಂದಿಗೂ ಬಿಟ್ಟಿಲ್ಲ. 1963ರ ಜೂನ್ 12ರಂದು, ನಡುರಾತ್ರಿ ದಾಟಿದ ಸ್ವಲ್ಪ ಹೊತ್ತಿಗೆ, ಸಭೆ ಮುಗಿಸಿ ಬಂದು ಕಾರಿನಿಂದ ಇಳಿದ ಅವರ ಬೆನ್ನಿಗೆ ಗುಂಡು ಬಿತ್ತು. ಅದು ದೇಹವನ್ನು ಹಾದು, ಕಿಟಕಿ ಮತ್ತು ಗೋಡೆಯನ್ನು ಸೀಳಿ, ಅಡುಗೆಮನೆಯನ್ನು ತಲುಪಿತು. ಆಗ ಅವರಿಗೆ 37 ವರ್ಷ. ಪತ್ನಿ ಮರ್ಲಿ ಮತ್ತು ಮಕ್ಕಳು ಅವರಿಗಾಗಿ ಎದ್ದೇ ಕಾಯುತ್ತಿದ್ದರು.

ಮನೆ ಈಗ ರಾಷ್ಟ್ರೀಯ ಸ್ಮಾರಕವಾಗಿದ್ದು, ರಾಷ್ಟ್ರೀಯ ಉದ್ಯಾನ ಸೇವೆ ಅದನ್ನು ನೋಡಿಕೊಳ್ಳುತ್ತದೆ. ಒಳಗೆ ಪ್ರವೇಶ ಯಾವ ದಿನ ಇದೆಯೆಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳಿ. ಅಕ್ಕಪಕ್ಕದ ಮನೆಗಳಲ್ಲಿ ಜನರು ವಾಸವಾಗಿರುವುದರಿಂದ ಅವರ ದಾರಿಗೆ ಅಡ್ಡವಾಗದಂತೆ ಕಾರು ನಿಲ್ಲಿಸಿ, ಮೆಲುದನಿಯಲ್ಲಿ ಮಾತಾಡಿ.