ಹಿಡಿ ಒಣಕೆಸರಿನಿಂದ ಎದ್ದ ನೀರು ಚಿಗಟ

ನೀರು ಚಿಗಟ ಎನ್ನುವ ಪುಟ್ಟ ಜಲಜೀವಿಗಳಲ್ಲಿ (ಡ್ಯಾಫ್ನಿಯಾ) ಒಂದಾದ ಡ್ಯಾಫ್ನಿಯಾ ಲುಮ್‌ಹೋಲ್ಟ್ಸಿಯ ಕಥೆ ಶುರುವಾಗುವುದೇ ಒಣಗಿದ ಕೆಸರಿನಿಂದ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಿಂದ ಅನ್ವೇಷಕ ಕಾರ್ಲ್ ಲುಮ್‌ಹೋಲ್ಟ್ಸ್ ತಂದ ಕೆಸರನ್ನು ನಾರ್ವೆಯ ಪ್ರಾಣಿವಿಜ್ಞಾನಿ ಜಿ. ಓ. ಸಾರ್ಸ್ ನೀರಲ್ಲಿ ನೆನೆಸಿದರು, ಮರಿಗಳು ಹೊರಬಂದವು. 1885ರಲ್ಲಿ ಹೆಸರಿಟ್ಟರು. ಕೆಸರಲ್ಲಿ ಉಳಿಯುವ ಕಪ್ಪು ಚೀಲದಂಥ ಕವಚದೊಳಗೆ ಇದರ ಎರಡೇ ಮೊಟ್ಟೆ. ಕೆರೆ ಬತ್ತಿದರೂ ಅವು ಕಾಯುತ್ತವೆ. ಎಂಥ ತಾಳ್ಮೆ!

ಇದರ ತವರು ಆಫ್ರಿಕಾ, ಆಸ್ಟ್ರೇಲಿಯಾ ಮತ್ತು ಭಾರತವೂ ಸೇರಿದಂತೆ ದಕ್ಷಿಣ ಏಷ್ಯಾ. 1991ರಲ್ಲಿ ಅಮೆರಿಕದ ಟೆಕ್ಸಾಸ್ ಜಲಾಶಯದಲ್ಲಿ ಸಿಕ್ಕಿತು, 1999ಕ್ಕೆ ಈರಿ ಸರೋವರ ಮುಟ್ಟಿತ್ತು. ಜಲಾಶಯ, ಆಳವಿಲ್ಲದ ಕೆರೆ, ನಿಧಾನ ಹರಿಯುವ ನದಿಯ ಹಿನ್ನೀರು ಇದಕ್ಕೆ ಒಗ್ಗುತ್ತವೆ. ನೀರು 25 ಡಿಗ್ರಿ ದಾಟಿ ಅಲ್ಲಿನ ಬೇರೆ ಡ್ಯಾಫ್ನಿಯಾಗಳು ಸೊರಗುವಾಗ ಇದು ಹೆಚ್ಚುತ್ತದೆ. ಹಾಗಾಗಿ ವಸಂತದಲ್ಲಿ ಮಾತ್ರ ಬಲೆ ಹಾಕಿದವರಿಗೆ ಸಿಗದೇ ಹೋಗಬಹುದು.

ಗುರುತಿಸುವಾಗ ತಲೆಯ ಉದ್ದ ಮುಳ್ಳೊಂದನ್ನೇ ನಂಬಬೇಡಿ. ಮೀನಿನ ವಾಸನೆಯಿಲ್ಲದ ನೀರಲ್ಲಿ ಅದು ಗಿಡ್ಡವಾಗುತ್ತದೆ. ತಲೆಯ ಎರಡೂ ಪಕ್ಕದ ಏಣು ಚೂಪಾಗಿ ಮುಗಿದಿದೆಯೇ ನೋಡಿ. ಇದು ಬೇರೆ ನೀರಿಗೆ ಹರಡದಂತೆ ಬಲೆ, ದೋಣಿಯನ್ನು ತೊಳೆದು ಪೂರ್ತಿ ಒಣಗಿಸಿ; ಆದರೆ ಒಣಗಿಸಿದ ಮಾತ್ರಕ್ಕೆ ಆ ಮೊಟ್ಟೆ ಸಾಯುವುದಿಲ್ಲ, ಅಂಟಿದ ಕೆಸರನ್ನು ಉಜ್ಜಿ ತೆಗೆಯಲೇಬೇಕು.