ಲೇಬಲ್ ಇಲ್ಲದ ಬಾಟಲಿ

ಪ್ರಯೋಗಾಲಯದ ಸಿಂಕಿನ ಪಕ್ಕದಲ್ಲಿ ಕಂದು ಗಾಜಿನ ಒಂದು ಬಾಟಲಿ ಇತ್ತು. ಮಾರ್ಕರ್‌ನಿಂದ ಬರೆದಿದ್ದ ಹೆಸರಿನ ಮೇಲೆ ಯಾವುದೋ ದ್ರಾವಕ ಸೋರಿ, ಅಕ್ಷರಗಳೆಲ್ಲ ಕರಗಿ, ನೀಲಿ ಕಲೆಯೊಂದೇ ಉಳಿದಿತ್ತು. ಬೆಳಿಗ್ಗೆ ನೆಲ ಒರೆಸಲು ಬಂದಿದ್ದ ಮಹಿಳೆ ಅದರ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿಯುತ್ತಿದ್ದುದನ್ನು ಬಾಗಿಲಲ್ಲಿ ನಿಂತಿದ್ದ ನಾನು ಕಂಡು ಕೂಗಿ ತಡೆದೆ. ಅವರಿಗೆ ಆಶ್ಚರ್ಯವಾಯಿತು. "ವಾಸನೆ ನೋಡಿದ್ರೆ ಎಸೆಯೋದೋ ಇಡೋದೋ ಗೊತ್ತಾಗುತ್ತಲ್ಲ ಮೇಡಂ" ಎಂದರು. ಸುರಕ್ಷತಾ ಸಮಿತಿಯ ಸದಸ್ಯೆಯಾಗಿ ಹಲವು ವರ್ಷ ಕಳೆದ ಮೇಲೂ ನನ್ನನ್ನು ಅಷ್ಟು ಕಾಡಿದ ಮಾತು ಮತ್ತೊಂದಿಲ್ಲ. ಬಾಟಲಿಯಲ್ಲಿ ಏನಿದೆ ಎಂದು ಬಲ್ಲವರು ಹಿಂದಿನ ರಾತ್ರಿಯೇ ಮನೆಗೆ ಹೋಗಿದ್ದರು. ಅದನ್ನು ಕೈಯಲ್ಲಿ ಹಿಡಿದವರಿಗೆ ಯಾರೂ ಏನನ್ನೂ ಹೇಳಿರಲಿಲ್ಲ.

ವಿಶ್ವವಿದ್ಯಾಲಯದ ಆವರಣದಲ್ಲಿ ಯಾರು ಯಾರು ದುಡಿಯುತ್ತಾರೆ ಎಂದು ಪಟ್ಟಿ ಮಾಡಲು ಕುಳಿತರೆ ಅದೊಂದು ಸಣ್ಣ ಊರೇ ಆಗುತ್ತದೆ. ಗ್ರಂಥಾಲಯದ ಮೇಲಿನ ಕಪಾಟಿನಿಂದ ದಪ್ಪ ಸಂಪುಟಗಳನ್ನು ಇಳಿಸುವವರು, ಪ್ರಯೋಗದ ಇಲಿಗಳನ್ನು ನೋಡಿಕೊಳ್ಳುತ್ತ ಅವುಗಳ ಅಲರ್ಜಿಯಿಂದಲೇ ಉಬ್ಬಸಕ್ಕೆ ತುತ್ತಾಗುವವರು, ತೋಟದಲ್ಲಿ ಔಷಧಿ ಸಿಂಪಡಿಸುವವರು, ತಾರಸಿ ಹತ್ತಿ ಫ್ಯಾನ್ ದುರಸ್ತಿ ಮಾಡುವವರು, ಎಲ್ಲರೂ ಅಲ್ಲಿದ್ದಾರೆ. ಇವರಲ್ಲಿ ಅನೇಕರಿಗೆ ಅಪಾಯ ಬರುವುದು ತಮ್ಮ ಕೆಲಸಕ್ಕಿಂತ ಹೆಚ್ಚಾಗಿ ಇನ್ನೊಬ್ಬರ ಕೆಲಸದಿಂದ. ಪ್ರಯೋಗದ ಆವಿಯನ್ನು ಹೀರಿ ಹೊರಹಾಕುವ ಗೂಡಾದ ಫ್ಯೂಮ್ ಹುಡ್‌ನ ಫ್ಯಾನನ್ನು ತಾರಸಿಯ ಮೇಲಿನ ಎಲೆಕ್ಟ್ರಿಷಿಯನ್ ನಿಲ್ಲಿಸಿದರೆ, ಮೂರು ಮಹಡಿ ಕೆಳಗೆ ಆಮ್ಲ ಕುದಿಸುತ್ತಿರುವ ಸಂಶೋಧಕರಿಗೆ ಅದು ಮೊದಲೇ ತಿಳಿದಿರಬೇಕು. ಕೆಳಗೆ ಏನು ಆವಿಯಾಗುತ್ತಿದೆ ಎಂಬುದು ಎಲೆಕ್ಟ್ರಿಷಿಯನ್‌ಗೂ ತಿಳಿದಿರಬೇಕು, ಏಕೆಂದರೆ ಆ ಆವಿ ಹೊರಬರುವ ಕೊಳವೆಯ ಬಾಯಿ ಇರುವುದು ಅವರ ಮುಖದ ಎದುರಿಗೇ.

ಬಲ್ಲವರೂ ಅಪಾಯದಿಂದ ಹೊರತಾದವರಲ್ಲ. ಡಾರ್ಟ್‌ಮೌತ್ ಕಾಲೇಜಿನ ರಸಾಯನ ವಿಜ್ಞಾನಿ ಕ್ಯಾರೆನ್ ವೆಟರ್‌ಹಾನ್ ವಿಷಕಾರಿ ಲೋಹಗಳ ಪರಿಣಾಮವನ್ನೇ ಅಧ್ಯಯನ ಮಾಡುತ್ತಿದ್ದವರು. 1996ರ ಆಗಸ್ಟ್‌ನಲ್ಲಿ ಫ್ಯೂಮ್ ಹುಡ್‌ನೊಳಗೆ ಕೆಲಸ ಮಾಡುತ್ತಿದ್ದಾಗ ಡೈಮೀಥೈಲ್ ಮರ್ಕ್ಯುರಿ ಎಂಬ ಪಾದರಸದ ವಿಷಕಾರಿ ಸಂಯುಕ್ತದ ಕೆಲವು ಹನಿಗಳು ಅವರ ಲೇಟೆಕ್ಸ್ ಕೈಗವಸಿನ ಮೇಲೆ ಬಿದ್ದವು. ಆ ದ್ರವ ಲೇಟೆಕ್ಸನ್ನು ಕೆಲವೇ ಸೆಕೆಂಡುಗಳಲ್ಲಿ ದಾಟಿ ಚರ್ಮ ಸೇರಬಲ್ಲದು ಎಂಬುದು ಅವರಿಗೆ ತಿಳಿದಿರಲಿಲ್ಲ. ತಿಂಗಳುಗಳ ಮೇಲೆ ನಡಿಗೆ ತಪ್ಪತೊಡಗಿತು, ಮಾತು ತೊದಲತೊಡಗಿತು. 1997ರ ಜೂನ್‌ನಲ್ಲಿ ಅವರು ತೀರಿಕೊಂಡರು. ಆದ್ದರಿಂದಲೇ ತರಬೇತಿ ಕೊಡುವಾಗಲೆಲ್ಲ, ಕೈಗವಸು ಹಾಕಿದ್ದೀರಾ ಎಂದು ಕೇಳುವುದಕ್ಕೆ ಬದಲಾಗಿ ಇದು ಯಾವ ರಾಸಾಯನಿಕಕ್ಕೆ ತಕ್ಕ ಕೈಗವಸು ಎಂದು ಕೇಳುತ್ತೇನೆ.

2008ರ ಡಿಸೆಂಬರ್ 29ರಂದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನಡೆದ ದುರಂತವನ್ನು ನಾನು ನೆನೆಯುವುದು ಬೇರೆಯದೇ ಕಾರಣಕ್ಕೆ. ಗಾಳಿ ತಾಗಿದರೆ ಹೊತ್ತಿಕೊಳ್ಳುವ ದ್ರವವನ್ನು ಸಿರಿಂಜಿಗೆ ಎಳೆಯುವಾಗ ಸಿರಿಂಜ್ ಕಳಚಿ, ಲ್ಯಾಬ್ ಕೋಟ್ ಇಲ್ಲದ 23 ವರ್ಷದ ಸಂಶೋಧನಾ ಸಹಾಯಕಿಯ ಸ್ವೆಟರ್‌ಗೆ ಬೆಂಕಿ ತಗುಲಿತು. ಹದಿನೆಂಟು ದಿನಗಳ ನಂತರ ಆಕೆ ಸತ್ತಳು. ಆಕೆ ಸಂಬಳ ಪಡೆಯುವ ನೌಕರಳಾಗಿದ್ದುದರಿಂದ ಕಾರ್ಮಿಕ ಸುರಕ್ಷತೆಯ ಕಾನೂನಿನಡಿ ವಿಚಾರಣೆ ನಡೆದು, ಪ್ರಕರಣ ನ್ಯಾಯಾಲಯದವರೆಗೂ ಹೋಯಿತು. ಲ್ಯಾಬ್ ಎಂದರೆ ಕಲಿಯುವ ಜಾಗ ಎಂಬ ಭಾವನೆ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಅದು ಹಲವರು ದುಡಿದು ಬದುಕುವ ಜಾಗವೂ ಹೌದು ಎಂಬುದನ್ನು ಇಂಥ ಪ್ರಕರಣಗಳೇ ನೆನಪಿಸಬೇಕಾಗುತ್ತದೆ.

ಅಪಾಯವನ್ನು ತಡೆಯುವ ಕ್ರಮದಲ್ಲಿ ಮೊದಲನೆಯದು ಆ ವಸ್ತುವನ್ನೇ ಬಿಟ್ಟುಬಿಡುವುದು, ಎರಡನೆಯದು ಕಡಿಮೆ ಅಪಾಯದ ಮತ್ತೊಂದನ್ನು ಬಳಸುವುದು. ಆಮೇಲೆ ಗಾಳಿಯ ವ್ಯವಸ್ಥೆ, ತಡೆಗಳು, ನಿಯಮಗಳು. ಕೈಗವಸು, ಕನ್ನಡಕ, ಮುಖಗವಸುಗಳು ಬರುವುದು ಕೊಟ್ಟಕೊನೆಗೆ. ನಾವು ಮಾತ್ರ ಕೊನೆಯದರಿಂದಲೇ ಶುರುಮಾಡುತ್ತೇವೆ, ಏಕೆಂದರೆ ಅದನ್ನು ಕೊಂಡು ಹಂಚಿದರೆ ಕೆಲಸ ಮುಗಿದಂತೆ ಕಾಣುತ್ತದೆ. ದ್ರವ ಸಾರಜನಕವಿರುವ ಕಿಟಕಿಯಿಲ್ಲದ ಕೋಣೆಯಲ್ಲಿ ಮುಖಗವಸು ಯಾರನ್ನೂ ಕಾಪಾಡದು. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲವಾಗಿ ಕೋಣೆಯ ಆಮ್ಲಜನಕವನ್ನು ಹೊರದಬ್ಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಒಳಗೆ ಬಿದ್ದವರನ್ನು ಎತ್ತಲು ಓಡಿದವರೂ ಬೀಳುತ್ತಾರೆ. ಅಲ್ಲಿ ಬೇಕಾದದ್ದು ಗಾಳಿಯಾಡುವ ವ್ಯವಸ್ಥೆ ಮತ್ತು ಆಮ್ಲಜನಕ ಕುಸಿದಾಗ ಬಾಗಿಲ ಹೊರಗೂ ಕೇಳಿಸುವ ಅಲಾರಂ.

ಶೌಚಾಲಯದ ಕಥೆಯೂ ಕಡಿಮೆಯದಲ್ಲ. ಬ್ಲೀಚ್ ಜೊತೆಗೆ ಆಮ್ಲವಿರುವ ಕ್ಲೀನರ್ ಬೆರೆತರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ರಸಾಯನಶಾಸ್ತ್ರ ವಿಭಾಗವಿರುವ ಕಟ್ಟಡದಲ್ಲೇ, ಅದನ್ನು ತೊಳೆಯುವವರಿಗೆ ಈ ಒಂದು ವಾಕ್ಯವನ್ನು ಯಾರೂ ಹೇಳಿರುವುದಿಲ್ಲ.

ಕಣ್ಣು ತೊಳೆಯುವ ನಲ್ಲಿಯ ಮುಂದೆ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿಟ್ಟಿರುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ರಾಸಾಯನಿಕ ಸಿಡಿದ ಕಣ್ಣನ್ನು ಹದಿನೈದು ನಿಮಿಷ ಬಿಡದೆ ತೊಳೆಯಬೇಕು, ಹತ್ತು ಸೆಕೆಂಡಿನೊಳಗೆ ಆ ನಲ್ಲಿಯನ್ನು ತಲುಪಬೇಕು. ಒಮ್ಮೆ ಪೆಟ್ಟಿಗೆಗಳನ್ನು ಸರಿಸಿ, ಅದನ್ನು ತಿರುಗಿಸಿ ನೋಡಿದೆ. ಮೊದಲು ಸದ್ದು, ಆಮೇಲೆ ತುಕ್ಕು ಬಣ್ಣದ ನೀರು. ತಿಳಿಯಾಗಲು ಬಹಳ ಹೊತ್ತು ಹಿಡಿಯಿತು. ಈಗ ವಾರಕ್ಕೊಮ್ಮೆ ಹರಿಸಿ, ಪಕ್ಕದ ಚೀಟಿಯಲ್ಲಿ ತಾರೀಖು ಬರೆಯುತ್ತಾರೆ.

ಮನಸ್ಸಿನ ಆರೋಗ್ಯದ ಬಗ್ಗೆ ಪ್ರತ್ಯೇಕವಾಗಿಯೇ ಬರೆಯಬೇಕು. ಇಷ್ಟನ್ನು ಮಾತ್ರ ಇಲ್ಲಿ ಹೇಳುತ್ತೇನೆ: ವರ್ಷ ವರ್ಷ ಗುತ್ತಿಗೆ ನವೀಕರಣಕ್ಕೆ ಕಾಯುವವರು ತಪ್ಪನ್ನು ತೋರಿಸಲು ಹೆದರುತ್ತಾರೆ, ಹೆದರಿದವರಿಂದ ನಮಗೆ ಅವಘಡದ ಮುನ್ಸೂಚನೆ ಸಿಗುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2022ರಲ್ಲಿ ಸುರಕ್ಷಿತ ಮತ್ತು ಆರೋಗ್ಯಕರ ಕೆಲಸದ ವಾತಾವರಣವನ್ನು ದುಡಿಮೆಯ ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು. ಹಕ್ಕೆಂದ ಮೇಲೆ, ಸಂಬಳ ಕೊಡುವವರು ಗುತ್ತಿಗೆದಾರರೆಂಬ ನೆಪ ಹೇಳಿ ವಿಶ್ವವಿದ್ಯಾಲಯ ಕೈತೊಳೆದುಕೊಳ್ಳುವಂತಿಲ್ಲ.

ಆ ಬಾಟಲಿಯ ಘಟನೆಯಾದ ಮೇಲೆ ನಾವು ಒಂದು ನಿಯಮ ಮಾಡಿದೆವು. ಲೇಬಲ್ ಇಲ್ಲದ ಪಾತ್ರೆ ಕಂಡರೆ ಸ್ವಚ್ಛತಾ ಸಿಬ್ಬಂದಿ ಅದನ್ನು ಮುಟ್ಟದೆ, ಬಾಗಿಲಿಗೆ ಕೆಂಪು ಚೀಟಿ ಹಾಕಿ, ಆ ಕೋಣೆಯನ್ನು ಹಾಗೆಯೇ ಬಿಟ್ಟು ಹೋಗಬಹುದು. ಕಾರಣ ಕೊಡಬೇಕಾದವರು ಪ್ರಯೋಗಾಲಯದವರು. ಮೊದಲ ಕೆಲವು ವಾರ ಯಾರೂ ಚೀಟಿ ಹಾಕಲಿಲ್ಲ. ಆಮೇಲೊಂದು ಬೆಳಿಗ್ಗೆ ಅದೇ ಮಹಿಳೆ ನನ್ನ ಕೋಣೆಗೆ ಬಂದು, ಎರಡನೇ ಮಹಡಿಯ ಒಂದು ಲ್ಯಾಬನ್ನು ಗುಡಿಸಿಲ್ಲ, ಪ್ರೊಫೆಸರ್ ಕೇಳಿದರೆ ಏನು ಹೇಳಬೇಕು ಎಂದರು. ನಾನೇ ಅವರ ಜೊತೆ ಹೋದೆ. ಬಾಗಿಲ ಮೇಲೆ ಕೆಂಪು ಚೀಟಿ ಇತ್ತು. ಒಳಗೆ ಪ್ರೊಫೆಸರ್ ಬಾಟಲಿಯೊಂದಕ್ಕೆ ಹೆಸರು ಬರೆಯುತ್ತಿದ್ದರು.